ಮದುವೆ ಸೀಡಿ ಓಡುತ್ತಿಲ್ಲವೇ? ಎಸೆಯುವ ಮುನ್ನ ಸ್ವಲ್ಪ ತಾಳಿ!

ಚಿಕ್ಕಪ್ಪನ ಮಗಳ ಮದುವೆ ಹತ್ತಿರ ಬಂದಿತ್ತು. ಹಸೆಗೆ ಕರೆಯುವ ಹಾಡು ಹೇಳೋದು ಯಾರು ಅನ್ನೋ ಮಾತು ಬಂತು. ಅಜ್ಜಿ ಇದ್ದಾಗ ಆ ಚಿಂತೆಯೇ ಇರಲಿಲ್ಲ. ಅಮ್ಮನಿಗೆ ಮೊದಲ ಎರಡು ನುಡಿ ಬಿಟ್ಟರೆ ಮುಂದಿನದು ನೆನಪಿಲ್ಲ. ‘ನಿನ್ನಕ್ಕನ ಮದುವೆ ಸೀಡಿಲಿ ಇದೆ ಕಣೇ, ನಿಮ್ಮಜ್ಜಿ ಪೂರ್ತಿ ಹಾಡಿದ್ದಾರೆ’ ಅಂದರು.

ಅಕ್ಕನ ಮದುವೆಯಾದದ್ದು 2005ರಲ್ಲಿ. ಆಲ್ಬಮ್ಮಿನ ಹಿಂದಿನ ಕವರಿನಲ್ಲಿ ಮೂರು ಸೀಡಿಗಳಿದ್ದವು. ಅಟ್ಟದಿಂದ ಹಳೇ ಪ್ಲೇಯರ್ ಇಳಿಸಿ ಟಿ.ವಿ.ಗೆ ಸಿಕ್ಕಿಸಿದ್ದಾಯಿತು. ಮೊದಲನೇ ಸೀಡಿ ಚೆನ್ನಾಗಿಯೇ ಓಡಿತು. ಎರಡನೆಯದರಲ್ಲಿ ಅಜ್ಜಿ ಹಾಡಲು ಬಾಯಿ ತೆರೆಯುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು, ಧ್ವನಿ ಕತ್ತರಿಸಿ, ನಿಂತೇ ಹೋಯಿತು. ಅಮ್ಮನ ಮುಖ ಸಪ್ಪಗಾಯಿತು.

ಆಮೇಲೆ ಎರಡು ವಾರ ಆ ಸೀಡಿಯ ಹಿಂದೆ ಬಿದ್ದೆ. ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ. ನಿಮ್ಮ ಬೀರುವಿನಲ್ಲೂ ಇಂಥ ಸೀಡಿಗಳು ಇರುತ್ತವೆ ಅಲ್ವಾ?

ಸಿನಿಮಾ ಸೀಡಿ ಬೇರೆ, ನಮ್ಮ ಸೀಡಿ ಬೇರೆ

ಅಂಗಡಿಯಲ್ಲಿ ಕೊಂಡ ಸಿನಿಮಾ ಸೀಡಿಯನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ರೈಟ್ ಮಾಡಿಕೊಟ್ಟದ್ದು ಹಾಗಲ್ಲ. ಅದರೊಳಗೆ ಬಣ್ಣದಂಥ ಒಂದು ರಾಸಾಯನಿಕ ಪದರ ಇರುತ್ತದೆ, ಲೇಸರ್ ಕಿರಣ ಅದರ ಮೇಲೆ ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ತಗುಲಿದರೆ ಆ ಪದರ ಹಾಳಾಗುತ್ತಾ ಬರುತ್ತದೆ. ಅದಕ್ಕೇ ಅದೇ ಕಾಲದ ಸಿನಿಮಾ ಸೀಡಿ ಓಡಿದರೂ ಮದುವೆ ಸೀಡಿ ಮುಷ್ಕರ ಹೂಡುವುದು!

ತಪ್ಪು ಯಾರದ್ದು?

ಮೊದಲು ಬೇರೆ ಎರಡು ಮೂರು ಸೀಡಿ ಹಾಕಿ ನೋಡಿ. ಯಾವುದೂ ಓಡದಿದ್ದರೆ ಪ್ಲೇಯರಿನ ಲೆನ್ಸಿನ ಮೇಲೆ ಧೂಳು ಕೂತಿರಬಹುದು. ಪುಟ್ಟ ಬ್ರಷ್ ಇರುವ ಲೆನ್ಸ್ ಕ್ಲೀನರ್ ಸೀಡಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಒಂದೇ ಸೀಡಿ ತಕರಾರು ಮಾಡಿದರೆ ತೊಂದರೆ ಬಹುಶಃ ಸೀಡಿಯದ್ದೇ.

ಒರೆಸುವುದಕ್ಕೂ ಕ್ರಮವಿದೆ

ಸೀಡಿಯನ್ನು ಅಂಚಿನಲ್ಲಿ ಹಿಡಿದುಕೊಳ್ಳಿ. ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದೋಸೆ ಹುಯ್ದ ಹಾಗೆ ಸುತ್ತಿಸಬೇಡಿ! ಚಿತ್ರ, ಧ್ವನಿ ಎಲ್ಲಾ ಸುತ್ತು ಸುತ್ತಾಗಿಯೇ ಬರೆದಿರುತ್ತದೆ. ಅಡ್ಡಲಾಗಿ ಬಿದ್ದ ಸಣ್ಣ ಗೀರನ್ನು ಪ್ಲೇಯರ್ ಸಂಭಾಳಿಸುತ್ತದೆ, ಸುತ್ತಿನ ಉದ್ದಕ್ಕೂ ಬಿದ್ದ ಗೀರನ್ನು ಸಂಭಾಳಿಸುವುದು ಕಷ್ಟ. ಎಣ್ಣೆಗೈ ಗುರುತಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಪೂರ್ತಿ ಒಣಗಿಸಿ. ಟೂತ್‌ಪೇಸ್ಟ್, ಥಿನ್ನರ್, ನೈಲ್‌ಪಾಲಿಷ್ ರಿಮೂವರ್ ಹತ್ತಿರವೂ ತರಬೇಡಿ.

ಹೊಳೆಯುವ ಬದಿಯನ್ನಷ್ಟೇ ಜೋಪಾನ ಮಾಡಿದರೆ ಸಾಕು ಅಂತ ನಾನೂ ತಿಳಿದಿದ್ದೆ. ಆದರೆ ಸೀಡಿಯಲ್ಲಿ ಬರೆದ ಪದರ ಇರುವುದು ಹೆಸರು ಬರೆಯುವ ಬದಿಯಲ್ಲೇ, ತೆಳ್ಳಗಿನ ಲೇಪದ ಕೆಳಗೆ. (ಡಿವಿಡಿಯಲ್ಲಾದರೆ ಎರಡು ತಟ್ಟೆಗಳ ನಡುವೆ ಭದ್ರವಾಗಿರುತ್ತದೆ.) ಹಾಗಾಗಿ ಸೀಡಿಗೆ ಅಂಟಿಸಿದ ವಧೂವರರ ಫೋಟೋ ಸ್ಟಿಕ್ಕರನ್ನು ಕೀಳಲು ಹೋಗಬೇಡಿ, ಪದರವೇ ಕಿತ್ತು ಬಂದೀತು. ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ತೂತು ಕಂಡರೆ ಅಷ್ಟು ಭಾಗ ಹೋದಂತೆಯೇ. ಎಷ್ಟು ಒರೆಸಿದರೂ ಅದು ಬಾರದು.

ತೊಂದರೆ ಹೀಗಿದ್ದರೆ...

* ‘ನೋ ಡಿಸ್ಕ್’ ಅಂತ ಬರುತ್ತಿದೆಯೇ? ಅಳಿಸಿ ಬರೆಯುವ ರೀರೈಟಬಲ್ ಸೀಡಿಗಳು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತವೆ. ಕೆಲವು ಹಳೇ ಪ್ಲೇಯರುಗಳಿಗೆ ಅವು ಕಾಣುವುದೇ ಇಲ್ಲ. ಹ್ಯಾಂಡಿಕ್ಯಾಮಿನ ಪುಟ್ಟ ಡಿವಿಡಿಯಾದರೆ ‘ಫೈನಲೈಸ್’ ಮಾಡದೇ ಬಿಟ್ಟಿರಬಹುದು. ಅದೇ ಕ್ಯಾಮೆರಾ ಇನ್ನೂ ಇದ್ದರೆ ಅದರಲ್ಲೇ ಹಾಕಿ ಮಾಡಿಸಿ. ಸೀಳಿನೊಳಗೆ ತೂರಿಸುವ ಪ್ಲೇಯರಿಗೆ ಈ ಪುಟ್ಟ ಡಿವಿಡಿ ಹಾಕಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ.

* ಕೊನೆಕೊನೆಗೆ ಮಾತ್ರ ನಿಲ್ಲುತ್ತದೆಯೇ? ಸೀಡಿ ಓದುವುದು ನಡುವಿನಿಂದ ಅಂಚಿನ ಕಡೆಗೆ. ಕೊನೆಯ ದೃಶ್ಯಗಳು ಇರುವುದು ಹೊರಗಿನ ಸುತ್ತಿನಲ್ಲಿ. ನಮ್ಮ ಬೆರಳು ಹೆಚ್ಚು ತಾಗುವುದೂ ಅಲ್ಲೇ. ಅಲ್ಲಿ ಇನ್ನೊಮ್ಮೆ ಒರೆಸಿ ನೋಡಿ.

* ಕಂಪ್ಯೂಟರಿನಲ್ಲಿ ಓಡಿ ಪ್ಲೇಯರಿನಲ್ಲಿ ಓಡುವುದಿಲ್ಲವೇ? ಫೈಲನ್ನು ಸುಮ್ಮನೆ ಕಾಪಿ ಮಾಡಿಕೊಟ್ಟಿರುತ್ತಾರೆ. ಹಳೇ ಪ್ಲೇಯರಿಗೆ ವಿಸಿಡಿ ಅಥವಾ ಡಿವಿಡಿ ಕ್ರಮದಲ್ಲೇ ಬರೆದಿರಬೇಕು. ಇದು ಸೀಡಿಯ ದೋಷವಲ್ಲ.

* ಚಿತ್ರ ಕಪ್ಪುಬಿಳುಪಾಗಿದೆಯೇ? ಅಮೆರಿಕದಿಂದ ಬಂದ ಡಿವಿಡಿಯಾದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದ್ದು, ನಮ್ಮದು ಪಾಲ್. ಪ್ಲೇಯರಿನ ಸೆಟ್ಟಿಂಗ್ ಬದಲಿಸಿ. ಹೊಸ ಟಿ.ವಿ.ಯಲ್ಲಿ ಹಳದಿ ಪಿನ್ ಸಿಕ್ಕಿಸಿ ‘ಕಾಂಪೊನೆಂಟ್’ ಆರಿಸಿದರೂ ಬಣ್ಣ ಹೋಗುತ್ತದೆ, ‘ಎವಿ’ ಆರಿಸಿ.

* ದೊಡ್ಡ ಟಿ.ವಿ.ಯಲ್ಲಿ ಮಸುಕಾಗಿ ಕಾಣುತ್ತದೆಯೇ? ಚಿಂತೆ ಬೇಡ. ವಿಸಿಡಿಯ ಚಿತ್ರವೇ 352 × 288 ಚುಕ್ಕಿಗಳಷ್ಟು ಚಿಕ್ಕದು.

ಓಡಿತು ಅಂತ ಸುಮ್ಮನಾಗಬೇಡಿ

ಇದು ನನ್ನ ಮುಖ್ಯ ಕಿವಿಮಾತು. ಇವತ್ತು ಓಡಿದ ಸೀಡಿ ಮುಂದಿನ ಗೌರಿ ಹಬ್ಬಕ್ಕೆ ಓಡುತ್ತದೆ ಅನ್ನುವ ಖಾತ್ರಿ ಇಲ್ಲ. ಓಡಿದ ದಿನವೇ ನಕಲು ತೆಗೆಯಿರಿ. ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಸಿಗುತ್ತದೆ, ನೆಂಟರ ಹತ್ತಿರ ಇದ್ದರೆ ಎರವಲು ತಂದರೂ ಆಯಿತು.

ವಿಸಿಡಿಯಾದರೆ ‘ಎಂಪಿಇಜಿಎವಿ’ ಫೋಲ್ಡರಿನಲ್ಲಿರುವ ‘ಡಿಎಟಿ’ ಫೈಲು, ಡಿವಿಡಿಯಾದರೆ ‘ವಿಡಿಯೋ ಟಿಎಸ್’ ಫೋಲ್ಡರು ಪೂರ್ತಿ ಕಾಪಿ ಮಾಡಿಕೊಳ್ಳಿ. ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ಎರಡೂ ಓಡುತ್ತವೆ. ಕಾಪಿ ನಡುವೆ ನಿಂತುಹೋದರೆ ಕೈಚೆಲ್ಲಬೇಡಿ, ಬೇರೆ ಡ್ರೈವಿನಲ್ಲಿ ಹಾಕಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಕೆಟ್ಟ ಭಾಗ ಬಿಟ್ಟು ಉಳಿದದ್ದನ್ನು ಎತ್ತಿಕೊಡುವ ಸಾಫ್ಟ್‌ವೇರುಗಳೂ ಇವೆ.

ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದದ್ದು 74ರಿಂದ 80 ನಿಮಿಷ. ಅದಕ್ಕೇ ಒಂದು ಮದುವೆಗೆ ಎರಡು ಮೂರು ಸೀಡಿ. ಎಲ್ಲವನ್ನೂ ನಕಲು ಮಾಡಿದಿರಾ ನೋಡಿಕೊಳ್ಳಿ. ಡಿವಿಡಿಯಾದರೂ ಸಾಮಾನ್ಯವಾಗಿ 4.7 ಜಿಬಿ, ಒಂದು ಪೆನ್‌ಡ್ರೈವಿಗೆ ಧಾರಾಳ. ಆದರೆ ಒಂದೇ ಕಡೆ ಇಡಬೇಡಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ತವರಲ್ಲೋ ಮಗಳ ಮನೆಯಲ್ಲೋ ಇರಲಿ. ಮೂಲ ಸೀಡಿಯನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿಡಿ.

ನಮ್ಮ ಸೀಡಿ ಏನಾಯ್ತು ಅಂತೀರಾ? ಒರೆಸಿದರೂ ಪ್ಲೇಯರಿನಲ್ಲಿ ಓಡಲಿಲ್ಲ. ಪಕ್ಕದ ಮನೆ ಹುಡುಗನ ಹಳೇ ಕಂಪ್ಯೂಟರಿನಲ್ಲಿ ಹಾಕಿದಾಗ ಅರ್ಧ ಗಂಟೆ ಗರಗರ ಅಂದು, ಕೊನೆಗೆ ಓದಿತು. ಕೊನೆಯ ನಾಲ್ಕು ನಿಮಿಷದ ಊಟದ ಪಂಕ್ತಿ ಸಿಗಲೇ ಇಲ್ಲ. ಅಜ್ಜಿಯ ಹಾಡು ಬಂತು. ನಡುವೆ ಒಂದು ಸಾಲು ಮಾತ್ರ ಚೌಕಗಳಲ್ಲಿ ಕರಗಿಹೋಗಿತ್ತು. ಅಮ್ಮ ಹಾಸನದ ದೊಡ್ಡಮ್ಮನಿಗೆ ಫೋನ್ ಹಚ್ಚಿ ಆ ಸಾಲು ಕೇಳಿ ಬರೆದುಕೊಂಡರು.

ಮದುವೆಯಲ್ಲಿ ಅಮ್ಮ ಚೀಟಿ ನೋಡದೇ ಪೂರ್ತಿ ಹಾಡಿದರು. ದೊಡ್ಡಮ್ಮನಿಗೂ ವಯಸ್ಸಾಗಿದೆ, ಇನ್ನು ನಾಲ್ಕು ವರ್ಷ ತಡಮಾಡಿದ್ದರೆ ಆ ಸಾಲು ಯಾರನ್ನು ಕೇಳಬೇಕಿತ್ತೋ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಆಲ್ಬಮ್ಮಿನ ಹಿಂದಿನ ಕವರನ್ನೂ ಒಮ್ಮೆ ತೆಗೆದು ನೋಡಿ.