ಪೆಟ್ರೋಲ್ ಕಾರಿನಿಂದ ಕಪ್ಪು ಹೊಗೆ: ಏರ್ ಫಿಲ್ಟರ್ ಬದಲಿಸಿದರೆ ಸಾಕೇ?

ಪೆಟ್ರೋಲ್ ಕಾರು ಕಪ್ಪು ಹೊಗೆ ಬಿಡುತ್ತಿದೆ, ಮೈಲೇಜ್ ಇಳಿದಿದೆ ಎಂದರೆ ‘ಏರ್ ಫಿಲ್ಟರ್ ಬದಲಿಸಿ, ಸರಿಹೋಗುತ್ತದೆ’ ಎಂಬ ಸಲಹೆ ತಕ್ಷಣ ಬರುತ್ತದೆ. ಇದು ಎಷ್ಟು ನಿಜ? ನಾವು ಪರಿಶೀಲಿಸಿದೆವು.

ಸಾರಾಂಶ
ಈ ಮಾತು ಅರ್ಧ ಸತ್ಯ. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಿಗೆ ಇದು ಹೊಂದುತ್ತದೆ. ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಕಾರಣ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ.

ಕಪ್ಪು ಹೊಗೆ ಏಕೆ ಬರುತ್ತದೆ?
ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಪಾಲು ಇದಕ್ಕಿಂತ ಹೆಚ್ಚಾದರೆ ಅದು ‘ರಿಚ್ ಮಿಕ್ಸ್ಚರ್’. ಅರೆಬರೆ ಸುಟ್ಟ ಪೆಟ್ರೋಲ್ ಮಸಿಯಾಗಿ ಹೊರಬರುತ್ತದೆ. ಸ್ಪಾರ್ಕ್ ಪ್ಲಗ್ ತುದಿಯಲ್ಲಿ ಒಣ ಕಪ್ಪು ಮಸಿ ಮತ್ತು ಸೈಲೆನ್ಸರ್‌ನಲ್ಲಿ ಪೆಟ್ರೋಲ್ ವಾಸನೆ ಇದರ ಗುರುತುಗಳು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ; ಅದು ಬೇರೆಯೇ ಸಮಸ್ಯೆ.

ಏರ್ ಫಿಲ್ಟರ್ ಪಾತ್ರವೇನು?
ಇಂಜೆಕ್ಷನ್ ಕಾರಿನಲ್ಲಿ ಒಳಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ. ಗಾಳಿ ಕಡಿಮೆಯಾದರೆ ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ಅಧ್ಯಯನದಲ್ಲಿ, ಇಂಥ ಕಾರುಗಳ ಫಿಲ್ಟರ್ ಕಟ್ಟಿಕೊಂಡಾಗ ಪಿಕಪ್ ಕುಗ್ಗಿತೇ ಹೊರತು ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ನಿಜವಾದ ಕಾರಣ ಹುಡುಕುವುದು ಹೇಗೆ?
ಒಬಿಡಿ ಸ್ಕ್ಯಾನರ್ ಹಾಕಿಸಿ. ‘ಪಿ0172’ ಕೋಡ್ ಬಂದರೆ ಮಿಶ್ರಣ ರಿಚ್ ಆಗಿದೆ ಎಂದರ್ಥ. ಕೋಡ್ ಇಲ್ಲದಿದ್ದರೂ ‘ಫ್ಯೂಯಲ್ ಟ್ರಿಮ್’ ನೋಡಿ. ಅದು ಸತತವಾಗಿ ಮೈನಸ್ 10%ಗಿಂತ ಕೆಳಗಿದ್ದರೆ ಇಸಿಯು ಪೆಟ್ರೋಲ್ ಕಡಿತ ಮಾಡಲು ಹೆಣಗುತ್ತಿದೆ.

• ಐಡ್ಲಿಂಗ್‌ನಲ್ಲಿ ಮಾತ್ರ ಹೀಗಿದ್ದರೆ: ಇಂಜೆಕ್ಟರ್ ಸೋರಿಕೆ ಅಥವಾ ಪರ್ಜ್ ವಾಲ್ವ್ ಮುಚ್ಚದಿರುವುದು.
• ಎಲ್ಲ ವೇಗದಲ್ಲೂ ಹೀಗಿದ್ದರೆ: ಹೆಚ್ಚಿದ ಫ್ಯೂಯಲ್ ಪ್ರೆಷರ್ ಅಥವಾ ಗಾಳಿ ಅಳೆಯುವ ಸೆನ್ಸರ್‌ನ ದೋಷ.
• ಎಂಜಿನ್ ಬಿಸಿಯಾದ ಮೇಲೂ ಸ್ಕ್ಯಾನರ್ ‘ತಣ್ಣಗಿದೆ’ ಎಂದು ತೋರಿಸಿದರೆ: ಕೂಲೆಂಟ್ ಟೆಂಪರೇಚರ್ ಸೆನ್ಸರ್ ಅಥವಾ ಥರ್ಮೋಸ್ಟಾಟ್.

ಗಾಳಿ ಅಳೆಯುವ ಸೆನ್ಸರ್ ಹಲವು ಬಾರಿ ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇಯಿಂದಲೇ ಸರಿಹೋಗುತ್ತದೆ. ಪರೀಕ್ಷಿಸದೆ ಬಿಡಿಭಾಗ ಬದಲಿಸಲು ಒಪ್ಪಬೇಡಿ.

ಹಾಗೇ ಓಡಿಸಿದರೆ ಏನಾಗುತ್ತದೆ?
ಸುಡದ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ, ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಿಚ್ ಮಿಕ್ಸ್ಚರ್‌ನಿಂದ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಕಾರನ್ನು ಬಯಲಿನಲ್ಲೇ ಸ್ಟಾರ್ಟ್ ಮಾಡಿ ಪರೀಕ್ಷಿಸಿ.

ತೀರ್ಮಾನ
ಕೊಳೆಯಾದ ಏರ್ ಫಿಲ್ಟರ್ ಬದಲಿಸುವುದು ಒಳ್ಳೆಯದೇ. ಆದರೆ ಕಪ್ಪು ಹೊಗೆಗೆ ಅದೊಂದೇ ಮದ್ದು ಎಂಬುದು ತಪ್ಪು. ಮೊದಲು ಸ್ಕ್ಯಾನ್, ಆಮೇಲೆ ರಿಪೇರಿ.