ಎರಡರ ಘಾತ ಸೊನ್ನೆಯಾದಾಗ

ನಾನು ಎಂಟನೇ ತರಗತಿಗೆ ಗಣಿತ ಪಾಠ ಮಾಡುವವಳು. ಘಾತಾಂಕದ ಅಧ್ಯಾಯ ಶುರುವಾದರೆ ಯಾರಾದರೂ ಕೈ ಎತ್ತಿ ಕೇಳಿಯೇ ಕೇಳುತ್ತಾರೆ: "ಮಿಸ್, ಎರಡನ್ನ ಒಂದು ಸಲಾನೂ ಗುಣಿಸಿಲ್ಲ ಅಂದ್ಮೇಲೆ 2⁰ ಸೊನ್ನೆ ಆಗ್ಬೇಕಲ್ವಾ? ಒಂದು ಹೇಗಾಗುತ್ತೆ?" ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. "ಅದು ನಿಯಮ, ಬಾಯಿಪಾಠ ಮಾಡು" ಎಂದು ಆ ಮಗುವಿನ ಬಾಯಿ ಮುಚ್ಚಿಸಬಾರದು.

2⁵ ಎಂದರೆ ಐದು ಎರಡುಗಳನ್ನು ಒಂದಕ್ಕೊಂದು ಗುಣಿಸುವುದು. ಕೆಳಗಿನ 2 ಆಧಾರ ಸಂಖ್ಯೆ, ಮೇಲೆ ಚಿಕ್ಕದಾಗಿ ಬರೆದ 5 ಘಾತಾಂಕ, ಬೆಲೆ 32. ಮಗ್ಗಿ ರೂಢಿಯಾದ ನಾಲಿಗೆ "ಎರಡೈದಲೆ ಹತ್ತು" ಎಂದುಬಿಡುತ್ತದೆ. ಅದಕ್ಕೇ ಮೊದಲ ವಾರವೆಲ್ಲ ಬಿಡಿಸಿ ಬರೆಸುತ್ತೇನೆ. 2³ × 2⁴ ಬಿಡಿಸಿದರೆ ಮೂರು ಎರಡು, ಮತ್ತೆ ನಾಲ್ಕು ಎರಡು, ಒಟ್ಟು ಏಳು ಕಣ್ಣೆದುರಿಗೇ ಇರುತ್ತವೆ. ಉತ್ತರ 2⁷. ಹಾಗೆ ಬರೆದು ನೋಡಿದವರು 4⁷ ಎನ್ನುವುದಿಲ್ಲ.

ಈಗ ಸೊನ್ನೆಯ ವಿಷಯ. ಬೋರ್ಡಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಬರೆಯುತ್ತೇನೆ: 2⁴ = 16, 2³ = 8, 2² = 4, 2¹ = 2. ಘಾತಾಂಕ ಒಂದು ಇಳಿದಾಗಲೆಲ್ಲ ಬೆಲೆ ಅರ್ಧವಾಗುತ್ತಿದೆ. ಹಾಗಾದರೆ 2⁰? ಎರಡರ ಅರ್ಧ, ಒಂದು. ಇನ್ನೂ ಇಳಿದರೆ 2⁻¹ = 1/2, 2⁻² = 1/4. ಘಾತಾಂಕ ಋಣವಾದರೂ ಬೆಲೆ ಋಣವಾಗಲಿಲ್ಲ, ಚಿಕ್ಕದಾಯಿತು ಅಷ್ಟೆ. ಆಧಾರ 5 ಆದರೆ ಪ್ರತಿ ಸಲ ಐದರಿಂದ ಭಾಗಿಸುತ್ತೇವೆ: 125, 25, 5, ಮತ್ತೆ 1. ಸೊನ್ನೆಯನ್ನು ಮಾತ್ರ ಆಧಾರವಾಗಿಟ್ಟು ಹೀಗೆ ಇಳಿಯಲಾಗದು, ಏಕೆಂದರೆ ಸೊನ್ನೆಯಿಂದ ಭಾಗಿಸುವಂತಿಲ್ಲ.

ದೊಡ್ಡ ಸಂಖ್ಯೆಗಳನ್ನು ಚಿಕ್ಕದಾಗಿ ಬರೆಯಲೂ ಘಾತಾಂಕ ಬೇಕು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಬಿಡಿ, ಹತ್ತು, ನೂರು ಎಂದು ಏರುವ 24 ಸ್ಥಾನಗಳಿಗೆ ಒಂದೊಂದು ಹೆಸರು ಕೊಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ. ಇಂದು ಅದನ್ನು 10²³ ಎಂದು ಬರೆದು ಮುಗಿಸುತ್ತೇವೆ. ಹೀಗೆ ಅಂಕಿಯನ್ನು ಮೇಲೆ ಬರೆಯುವ ಪದ್ಧತಿ ನೆಲೆಯೂರಿದ್ದು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಕೃತಿಯಿಂದ. ಭೂಮಿಯ ದ್ರವ್ಯರಾಶಿ ಸುಮಾರು 6 × 10²⁴ ಕಿಲೋಗ್ರಾಂ, ಸೂರ್ಯನದು 2 × 10³⁰. ನೋಡಲು 24, 30 ಹತ್ತಿರದ ಸಂಖ್ಯೆಗಳು, ಆದರೆ ಸೂರ್ಯ ಮೂರು ಲಕ್ಷ ಪಟ್ಟಿಗಿಂತ ಹೆಚ್ಚು ಭಾರ.

ಮನೆಯಲ್ಲಿ ಮಗು 2⁰ ಹೇಗೆ ಒಂದಾಗುತ್ತದೆ ಎಂದು ಕೇಳಿದರೆ ದಯವಿಟ್ಟು ಉತ್ತರ ಹೇಳಬೇಡಿ. ಪೆನ್ಸಿಲ್ ಕೊಟ್ಟು, 3⁴ರಿಂದ ಒಂದೊಂದೇ ಇಳಿಸುತ್ತಾ ಬರೆಯಲು ಹೇಳಿ.