ಕರೆಂಟು ಹೋದಾಗ ಅಳಿಯುವುದು, ಉಳಿಯುವುದು

ಹನಗೋಡಿನ ಕಡೆ ಪಹಣಿ ಪ್ರಿಂಟು, ಆದಾಯ ಪ್ರಮಾಣಪತ್ರದ ಅರ್ಜಿ, ಮದುವೆಯ ಲಗ್ನಪತ್ರಿಕೆ ಎಲ್ಲಕ್ಕೂ ಜನ ಹೋಗುವುದು ಕಂಪ್ಯೂಟರ್ ಅಂಗಡಿಗೆ. ಗಾಳಿ ಮಳೆಗೆ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ನುಡಿ ತಂತ್ರಾಂಶದಲ್ಲಿ ಅರ್ಧ ಟೈಪ್ ಮಾಡಿದ್ದ ಅರ್ಜಿ ಹೋದಂತೆಯೇ. ಹೋದ ವಾರ ಸೇವ್ ಮಾಡಿದ ಲಗ್ನಪತ್ರಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಅರ್ಜಿ ಇದ್ದದ್ದು ರ‍್ಯಾಮ್‌ನಲ್ಲಿ, ಪತ್ರಿಕೆ ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಎರಡೂ ಸಿಲಿಕಾನ್ ಚಿಪ್ಪುಗಳೇ, ಎರಡರಲ್ಲೂ ಅಕ್ಷರ ಕೂರುವುದು ವಿದ್ಯುದಾವೇಶದ ರೂಪದಲ್ಲೇ. ಬೇರೆಯಾಗುವುದು ಅದನ್ನು ಹಿಡಿದಿಡುವ ಬಗೆ.

ರ‍್ಯಾಮ್‌ನ ಒಂದೊಂದು ಕೋಶವೂ ತೂತುಬಿದ್ದ ಕೊಡವಿದ್ದಂತೆ. ಅದರಲ್ಲಿರುವ ಪುಟಾಣಿ ಕೆಪ್ಯಾಸಿಟರ್ ಹಿಡಿದ ಆವೇಶ ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬಬೇಕು. ಕರೆಂಟು ನಿಂತರೆ ತುಂಬುವವರಿಲ್ಲ.

ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್ಪಿನಲ್ಲಿ ಆವೇಶವನ್ನು ನಿರೋಧಕ ಪದರ ದಾಟಿಸಿ ಒಳಗೆ ಕೂಡಿಹಾಕುತ್ತಾರೆ. ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುಒಕಾ 1980ರ ದಶಕದಲ್ಲಿ ರೂಪಿಸಿದ ಚಿಪ್ಪು ಇದು. ಸೋರಿಕೆ ಬಹುಮಟ್ಟಿಗೆ ನಿಂತಿತು, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಬರೆದ ಜಾಗದ ಮೇಲೆ ನೇರವಾಗಿ ತಿದ್ದಿ ಬರೆಯುವಂತಿಲ್ಲ, ದೊಡ್ಡದೊಂದು ಬ್ಲಾಕನ್ನೇ ಅಳಿಸಬೇಕು. ಪ್ರತಿ ಸಲ ಅಳಿಸಿ ಬರೆದಾಗಲೂ ಆ ಪದರ ಚೂರು ಸವೆಯುತ್ತದೆ. ಹಾಗೆಂದು ಹೆದರಬೇಕಿಲ್ಲ: ಕೆಲವು 500 ಜಿಬಿ ಎಸ್‌ಎಸ್‌ಡಿಗಳಿಗೆ ಕಂಪನಿಗಳು 300 ಟಿಬಿ ಬರೆಯುವವರೆಗೆ ವಾರಂಟಿ ಕೊಡುತ್ತವೆ. ದಿನಕ್ಕೆ 20 ಜಿಬಿ ಬರೆದರೂ ಅಷ್ಟು ಮುಗಿಯಲು ನಲವತ್ತು ವರ್ಷ ಬೇಕು.

ವೇಗದ ಲೆಕ್ಕಕ್ಕೆ ಬಂದರೆ, ಕೇಳಿದ್ದನ್ನು ರ‍್ಯಾಮ್ ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಕೊಡುತ್ತದೆ. ಎಸ್‌ಎಸ್‌ಡಿಗೆ ಹತ್ತಾರು ಮೈಕ್ರೊಸೆಕೆಂಡು ಬೇಕು, ಎಂದರೆ ನೂರಾರು ಪಟ್ಟು ನಿಧಾನ. ಹಳೆಯ ಹಾರ್ಡ್ ಡಿಸ್ಕಿನದು ಮಿಲಿಸೆಕೆಂಡುಗಳ ಮಾತು.

ಹಳೆ ಕಂಪ್ಯೂಟರಿಗೆ ರ‍್ಯಾಮ್, ಎಸ್‌ಎಸ್‌ಡಿ ಎರಡರಲ್ಲಿ ಯಾವುದನ್ನು ಮೊದಲು ಹಾಕಿಸಬೇಕು? ಅಂಗಡಿಯವರ ಮಾತಿಗಿಂತ ಟಾಸ್ಕ್ ಮ್ಯಾನೇಜರ್ ವಾಸಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಮಾಮೂಲಿ ಕೆಲಸ ನಡೆಯುವಾಗಲೇ ಮೆಮೊರಿ ಶೇಕಡಾ 90 ದಾಟಿದ್ದರೆ ರ‍್ಯಾಮ್ ಸಾಲದು. ಮೆಮೊರಿ ಆರಾಮಾಗಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎರಡೂ ತುಂಬಿದ್ದರೆ ಮೊದಲ ಗುಮಾನಿ ರ‍್ಯಾಮ್ ಮೇಲೆ: ಅಲ್ಲಿ ಜಾಗ ಸಾಲದಾಗ ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕಿಗೆ ಸಾಗಿಸುತ್ತಾ ಕೂರುತ್ತದೆ.

ಮೊಬೈಲ್ ಡಬ್ಬದ ಮೇಲಿನ ‘8+8 ಜಿಬಿ ರ‍್ಯಾಮ್’ ಕೂಡ ಇದೇ ಕಸರತ್ತು. ಎರಡನೆಯ ಎಂಟು ನಿಜವಾದ ರ‍್ಯಾಮ್ ಅಲ್ಲ, ನಿಮ್ಮದೇ ಸ್ಟೋರೇಜಿನಿಂದ ಕಿತ್ತುಕೊಂಡ ಜಾಗ. ಅದಕ್ಕೆಂದು ಹೆಚ್ಚು ದುಡ್ಡು ಕೊಡುವುದು ದಂಡ. ಫೋಟೊ ತುಂಬಿ ‘ಸ್ಟೋರೇಜ್ ಫುಲ್’ ಎಂದು ಬಂದಾಗ ರ‍್ಯಾಮ್ ಹೆಚ್ಚಿದ್ದರೂ ಪ್ರಯೋಜನವಿಲ್ಲ.

ಎಸ್‌ಎಸ್‌ಡಿಯ ಆವೇಶವೂ ಶಾಶ್ವತವಲ್ಲ. ಚೆನ್ನಾಗಿ ಸವೆದ ಎಸ್‌ಎಸ್‌ಡಿಯನ್ನು ಸೆಕೆಯ ಕೋಣೆಯ ಬೀರುವಿನಲ್ಲಿ ವರ್ಷಗಟ್ಟಲೆ ಕರೆಂಟಿಲ್ಲದೆ ಇಟ್ಟರೆ ಒಳಗಿರುವುದು ಕೆಡಬಹುದು. ಅಳಿಸಿದ ಫೈಲನ್ನು ಮರಳಿ ಪಡೆಯುವುದೂ ಹಾರ್ಡ್ ಡಿಸ್ಕಿನಷ್ಟು ಸಲೀಸಲ್ಲ. ಖಾಲಿಯಾದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಗುಡಿಸಿಬಿಡುತ್ತದೆ. ಮದುವೆ ವಿಡಿಯೊದ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲೂ ಇರಲಿ.